ಕಿವಿರಿಲ್ಲದ ಮೀನಿಗೆ ನೇರಳೆ ಸಿಪ್ಪೆಯ ಪಟ್ಟಿ

ಮೀನು ಮಾರ್ಕೆಟ್ಟಿಗೆ ಹೋದರೆ ನಮ್ಮಮ್ಮ ಮೊದಲು ಬಂಗುಡೆಯ ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ಚೌಕಾಸಿ ಶುರು, ಕಂದು ತಿರುಗಿದ್ದರೆ ಮುಂದಿನ ಬುಟ್ಟಿ. ಅದೇ ಮೀನನ್ನು ತುಂಡು ಮಾಡಿ ಪ್ಲಾಸ್ಟಿಕ್ ಸುತ್ತಿ ಫ್ರಿಜ್ಜಿನಲ್ಲಿಟ್ಟು ಮಾರಿದರೆ? ನೋಡೋಣ ಅಂದರೆ ಕಿವಿರಿಲ್ಲ, ಮೂಸೋಣ ಅಂದರೆ ದಾರಿಯಿಲ್ಲ. ಇರುವುದು ಒಂದು ದಿನಾಂಕ ಮಾತ್ರ. ಬರುವ ದಾರಿಯಲ್ಲಿ ಐಸ್ ಕರಗಿತ್ತು, ಅಂಗಡಿಯಲ್ಲಿ ಎರಡು ಗಂಟೆ ಕರೆಂಟ್ ಇರಲಿಲ್ಲ ಅನ್ನುವುದೆಲ್ಲ ಆ ದಿನಾಂಕಕ್ಕೆ ಹೇಗೆ ಗೊತ್ತಾಗಬೇಕು?

ಹಣ್ಣಿನ ಸಿಪ್ಪೆಗೆ ಗೊತ್ತಾಗುತ್ತದೆ. ನೇರಳೆ, ಕಪ್ಪು ದ್ರಾಕ್ಷಿ, ಪುನರ್ಪುಳಿ ಇವುಗಳ ಸಿಪ್ಪೆಗೆ ಬಣ್ಣ ಕೊಡುವುದು ಆಂಥೋಸಯಾನಿನ್. ಹುಳಿ ಸೋಕಿದರೆ ಇದು ಕೆಂಪಾಗುತ್ತದೆ, ಕ್ಷಾರ ಸೋಕಿದರೆ ನೀಲಿ-ಹಸಿರಿನ ಕಡೆಗೆ ತಿರುಗುತ್ತದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ಕೂಡಲೇ ಕೆಂಪಾಗುತ್ತಲ್ವಾ, ಇದೂ ಅದೇ ಥರ. ಬಣ್ಣದ ವಸ್ತು ಮಾತ್ರ ಬೇರೆ.

ಸಮುದ್ರದ ಮೀನಿನ ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಬ್ಯಾಕ್ಟೀರಿಯಾ ಅದರ ಆಕ್ಸಿಜನ್ ಕಿತ್ತುಕೊಂಡರೆ ಟ್ರೈಮೀಥೈಲಮೀನ್ ಉಳಿಯುತ್ತದೆ. ಹಳೇ ಮೀನಿನ ನಾತ ಅಂದರೆ ಮುಖ್ಯವಾಗಿ ಅದೇ, ಜೊತೆಗೆ ಅಮೋನಿಯಾ. ಎರಡೂ ಕ್ಷಾರ ಗುಣದವು. ಪ್ಯಾಕೆಟ್ಟಿನ ಒಳಗೆ ನೇರಳೆ ಬಣ್ಣದ ಸಣ್ಣ ಪಟ್ಟಿ ಅಂಟಿಸಿದ್ದರೆ, ಈ ಅನಿಲಗಳು ಪಟ್ಟಿಯ ತೇವದಲ್ಲಿ ಕರಗಿ ಅದರ ಬಣ್ಣ ಬದಲಿಸುತ್ತವೆ. ನಾವು ಹೊರಗಿನಿಂದಲೇ ನೋಡಬಹುದು.

ಆ ಪಟ್ಟಿಯನ್ನೂ ಸಿಪ್ಪೆಯಿಂದಲೇ ಮಾಡಬಹುದು ಅನ್ನುವುದು ನನಗೆ ತುಂಬಾ ಹಿಡಿಸಿದ ವಿಷಯ. ಮೋಸಂಬಿ ಜ್ಯೂಸ್ ಮಾಡಿದರೆ ಹಣ್ಣಿನ ತೂಕದಲ್ಲಿ ಸುಮಾರು ಅರ್ಧ ಕಸಕ್ಕೆ ಹೋಗುತ್ತದೆ. ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲಿ ಪೆಕ್ಟಿನ್ ಜಾಸ್ತಿ. ಜಾಮ್ ಗಟ್ಟಿಯಾಗುವುದು ಇದರಿಂದಲೇ. 1825ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೋ ಇದರ ಬಗ್ಗೆ ಮೊದಲು ಬರೆದರು. ಸಿಪ್ಪೆಯನ್ನು ಸ್ವಲ್ಪ ಹುಳಿ ಬೆರೆಸಿದ ನೀರಿನಲ್ಲಿ ಬೇಯಿಸಿ, ಸೋಸಿ, ಆ ನೀರಿಗೆ ಆಲ್ಕೋಹಾಲ್ ಹಾಕಿದರೆ ಪೆಕ್ಟಿನ್ ಲೋಳೆಯಾಗಿ ಬೇರೆಯಾಗುತ್ತದೆ. ಅದನ್ನು ಮತ್ತೆ ನೀರಿನಲ್ಲಿ ಕರಗಿಸಿ, ನೇರಳೆ ಸಿಪ್ಪೆಯ ಬಣ್ಣ, ಚೂರು ಗ್ಲಿಸರಿನ್ ಸೇರಿಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಣಗಿಸಿ ಎಬ್ಬಿಸುತ್ತಾರೆ. ಕರಾವಳಿಯಲ್ಲಿ ಮಾವಿನ ರಸವನ್ನು ಚಾಪೆ ಮೇಲೆ ಬಳಿದು ಬಿಸಿಲಿಗಿಟ್ಟು ಮಾಂಬಳ ಮಾಡುತ್ತಾರಲ್ಲ, ಹಾಗೆಯೇ. ಗ್ಲಿಸರಿನ್ ಇಲ್ಲದಿದ್ದರೆ ಒಣಗಿದ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ.

ಪೆಕ್ಟಿನ್ ಹಾಳೆ ನೀರು ಕುಡಿದು ಮೆತ್ತಗಾಗುತ್ತದೆ. ಹಾಗಾಗಿ ಇಡೀ ಪ್ಯಾಕೆಟ್ಟನ್ನೇ ಇದರಿಂದ ಮಾಡಲು ಹೊರಡುವುದಕ್ಕಿಂತ ಸದ್ಯಕ್ಕೆ ಒಳಗಿನ ಪಟ್ಟಿಯೇ ಸಾಕು ಅಂತ ನನಗನಿಸುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಸಾಲ್ಮೊನೆಲ್ಲಾದಂಥ ರೋಗಾಣು ನಾತ ಬರಿಸದೆಯೇ ಕಾಯಿಲೆ ತರಬಲ್ಲದು, ಪಟ್ಟಿಗೆ ಅದು ಕಾಣುವುದಿಲ್ಲ. ಬಣ್ಣ ಬದಲಾಗಿಲ್ಲ ಅಂತ ಮೀನನ್ನು ಅರೆಬರೆ ಬೇಯಿಸಬೇಡಿ.

ಬಿಸಿಲಿಗೂ ಈ ಬಣ್ಣ ತಡೆಯುವುದಿಲ್ಲ. ಕಳೆದ ಸಲ ನೇರಳೆ ಹಣ್ಣು ತಂದಾಗ ಸಿಪ್ಪೆ ಕಿವುಚಿದ ನೀರಿನಲ್ಲಿ ಕಾಗದದ ಪಟ್ಟಿಗಳನ್ನು ಅದ್ದಿ ಒಣಗಿಸಿದ್ದೆ. ಒಂದರ ತುದಿಗೆ ನಿಂಬೆರಸ ಮುಟ್ಟಿಸಿದರೆ ಗುಲಾಬಿ, ಇನ್ನೊಂದು ತುದಿಗೆ ಅಡುಗೆ ಸೋಡಾದ ನೀರು ಮುಟ್ಟಿಸಿದರೆ ನೀಲಿ. ಖುಷಿಯಾಗಿ ಉಳಿದ ಎರಡನ್ನು ಎತ್ತಿಟ್ಟೆ. ಕಿಟಕಿ ಹತ್ತಿರದ್ದು ವಾರದೊಳಗೆ ಮಾಸಿ ಕಂದಾಯಿತು. ಡ್ರಾಯರಿನಲ್ಲಿದ್ದದ್ದು ಆಗಲೂ ನೇರಳೆಯಾಗಿಯೇ ಇತ್ತು.