ಕರೆಂಟ್ ಹೋದಾಗ ಹವಳಕ್ಕೆ ಮೊದಲು ಬೇಕಾದ್ದು ನೀರಿನ ಓಟ

ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳು ಬಂತೆಂದರೆ ನನ್ನ ಫೋನ್‌ಗೆ ಬಿಡುವಿರುವುದಿಲ್ಲ. ಲೈನ್ ಮೇಲೆ ಸಿಲ್ವರ್ ಓಕ್ ಬಿತ್ತು, ಕರೆಂಟ್ ಇಲ್ಲ, ಹವಳ ಸಾಕಿರುವ ಟ್ಯಾಂಕಿನ ಗತಿ ಏನು ಅಂತ ಕೇಳುತ್ತಾರೆ. ಇನ್ವರ್ಟರ್‌ಗೆ ಏನು ಹಾಕಿದ್ದೀರಿ ಎಂದರೆ ಹೆಚ್ಚಿನವರದು ಒಂದೇ ಉತ್ತರ: ಲೈಟು, ಹೀಟರ್. ಟ್ಯಾಂಕಿನೊಳಗೆ ನೀರು ಓಡಿಸುವ ಪಂಪ್, ಅಂದರೆ ವೇವ್‌ಮೇಕರ್? ಅದು ಆಫ್.

ದಯವಿಟ್ಟು ಲೈಟಿನ ಚಿಂತೆ ಬಿಡಿ. ಆರೋಗ್ಯವಾಗಿರುವ ಹವಳ 2-3 ದಿನ ಬೆಳಕಿಲ್ಲದೆಯೂ ತಡೆದುಕೊಳ್ಳುತ್ತದೆ. ಕಡಲ ಮೇಲೂ ಮೋಡ ಕವಿಯುತ್ತದೆ, ಅಲ್ವಾ? ಆದರೆ ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಕಷ್ಟ ಶುರು. ಹವಳ ಇದ್ದಲ್ಲೇ ಇರುವ ಜೀವಿ. ಆಮ್ಲಜನಕ ಅದರ ಮೈ ಮುಟ್ಟಬೇಕಾದರೆ ನೀರು ಹರಿಯಲೇಬೇಕು. ಹಗಲಲ್ಲಿ ಅದರೊಳಗಿನ ಪಾಚಿ ಬೆಳಕಿನಿಂದ ಆಮ್ಲಜನಕ ತಯಾರಿಸುತ್ತದೆ. ಕತ್ತಲಾದ ಮೇಲೆ ಆ ಪಾಚಿ, ಹವಳ, ಮೀನು, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಖರ್ಚು ಮಾಡುವವರೇ. ಅದಕ್ಕೇ ರಾತ್ರಿ ಕರೆಂಟ್ ಹೋದರೆ ಅಪಾಯ ಜಾಸ್ತಿ. ಅಕ್ರೋಪೊರಾದಂಥ ನಾಜೂಕಿನ ಹವಳ ಮೊದಲು ಮೈಮೇಲಿನ ಹೂವಿನಂಥ ಪಾಲಿಪ್‌ಗಳನ್ನು ಒಳಗೆಳೆದುಕೊಳ್ಳುತ್ತದೆ, ಲೋಳೆ ಬಿಡುತ್ತದೆ. ಬುಡದಿಂದ ಚರ್ಮ ಸುಲಿದು ಬಿಳಿ ಎಲುಬು ಕಾಣಿಸಿಕೊಂಡರೆ ಆ ಭಾಗ ಹೋಯಿತೆಂದೇ ಲೆಕ್ಕ.

ಚಳಿಯ ಭಯ ನನಗೆ ಅರ್ಥವಾಗುತ್ತದೆ. ಹವಳಕ್ಕೆ ಬೇಕಾದ್ದು 24ರಿಂದ 26 ಡಿಗ್ರಿ. ಮಡಿಕೇರಿಯ ಮಳೆಗಾಲದ ರಾತ್ರಿ 20ಕ್ಕಿಂತ ಕೆಳಗಿರುತ್ತದೆ. ಆದರೂ ದೊಡ್ಡ ಟ್ಯಾಂಕ್ ನಿಧಾನವಾಗಿ ತಣಿಯುತ್ತದೆ. ಗಾಜಿಗೆ ಕಂಬಳಿ ಸುತ್ತಿ, ಮೇಲ್ಭಾಗ ಮಾತ್ರ ತೆರೆದಿಡಿ. 300 ವ್ಯಾಟ್ ಹೀಟರ್ ಬ್ಯಾಟರಿಯನ್ನು ಬೇಗ ಕುಡಿದುಬಿಡುತ್ತದೆ. ಸಣ್ಣ ವೇವ್‌ಮೇಕರ್‌ಗೆ 10-20 ವ್ಯಾಟ್ ಸಾಕು. ಪುಟ್ಟ ಟ್ಯಾಂಕ್ ಬೇಗ ತಣಿಯುವುದರಿಂದ ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಆದರೆ ಅಲ್ಲೂ ಮೊದಲ ಪಾಳಿ ನೀರಿನ ಓಟಕ್ಕೇ.

ಪೊನ್ನಂಪೇಟೆ ಕಡೆಯ ತೋಟದ ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ. ಇನ್ವರ್ಟರ್ ಕೈಕೊಟ್ಟ ರಾತ್ರಿ ಫೋನ್ ಮಾಡಿದರು. ಜಗ್‌ನಲ್ಲಿ ನೀರು ಎತ್ತಿ ಒಂದಡಿ ಮೇಲಿಂದ ಸುರಿಯುತ್ತಿರಿ ಎಂದೆ. ಬೆಳಗಿನವರೆಗೂ ಸುರಿದರು, ಹೆಂಡತಿ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದರಂತೆ. ಒಂದು ಅಕ್ರೋಪೊರಾ ಅರ್ಧ ಹೋಯಿತು, ಉಳಿದದ್ದೆಲ್ಲ ಬದುಕಿತು. ಇಂಥ ಜನರನ್ನು ಕಂಡರೆ ನನಗೆ ಬಹಳ ಪ್ರೀತಿ. ಅದಕ್ಕೇ ಹೇಳುವುದು, ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಸತ್ತ ಹವಳದ ಜಾಗಕ್ಕೆ ತಕ್ಷಣ ಹೊಸದು ತರಬೇಡಿ. ತರುವಾಗಲೂ ದಾಖಲೆ ಕೇಳಿ. ನಮ್ಮ ಕಡಲಿನ ಕಲ್ಲುಹವಳ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಕಿತ್ತು ಮಾರುವುದು ಅಪರಾಧ.

ಕರೆಂಟ್ ಬಂತೆಂದು ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರನ್ನು ಸುಮ್ನೆ ಆನ್ ಮಾಡಬೇಡಿ. ಗಂಟೆಗಟ್ಟಲೆ ಒಳಗೇ ನಿಂತ ನೀರು ಕೊಳೆತಿರಬಹುದು. ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರನ್ನು ಪೂರ್ತಿ ಚೆಲ್ಲಿ, ತೊಳೆದು, ಆಮೇಲೆ ಸ್ವಿಚ್ ಹಾಕಿ.