ಚಿಪ್ಪು ಸ್ಪಷ್ಟ, ಕಣ್ಣು ಮಸುಕು: ಬಸವನಹುಳುವಿನ ಫೋಟೊ ಯಾಕೆ ಹೀಗಾಗುತ್ತೆ?

ಪ್ರಶ್ನೆ: ಮಳೆ ನಿಂತ ಕೂಡಲೇ ಹಿತ್ತಲಿಗೆ ಹೋಗಿ ಬಸವನಹುಳುವಿನ ಮ್ಯಾಕ್ರೊ (ತೀರಾ ಹತ್ತಿರದ) ಫೋಟೊ ತೆಗೆಯುತ್ತೇನೆ. ಚಿಪ್ಪಿನ ಒಂದೊಂದು ಗೆರೆಯೂ ಕಾಣುತ್ತೆ, ಕಣ್ಣು ಮಾತ್ರ ಮಸುಕು. ಹುಳು ಅಲುಗಾಡುವುದಕ್ಕಾ, ಲೆನ್ಸ್ ಸರಿಯಿಲ್ಲವಾ?

ಉತ್ತರ: ಲೆನ್ಸನ್ನು ಬೈಯಬೇಡಿ. ಹುಳುವಿನ ತಪ್ಪೂ ಕಡಿಮೆಯೇ. ಸೆಕೆಂಡಿಗೆ ಒಂದೆರಡು ಮಿಲಿಮೀಟರ್ ಸಾಗುವ ಜೀವ ಅದು. 1/200 ಸೆಕೆಂಡಿನ ಶಟರ್ ವೇಗದಲ್ಲಿ ಅದು ನಿಂತಂತೆಯೇ ಲೆಕ್ಕ. ಅಲುಗಾಡುವವರು ನಾವು. ಕುಕ್ಕರಗಾಲಲ್ಲಿ ಕೂತು ಉಸಿರಾಡಿದರೂ ಕ್ಯಾಮೆರಾ ನಾಲ್ಕೈದು ಮಿಲಿಮೀಟರ್ ಹಿಂದೆ ಮುಂದೆ ಹೋಗುತ್ತೆ.

ಅಷ್ಟಕ್ಕೇ ಫೋಟೊ ಕೆಡುತ್ತಾ ಅಂದರೆ, ಕೆಡುತ್ತೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ಸೆನ್ಸರಿನ ಮೇಲೆ ಹುಳು ನಿಜ ಗಾತ್ರದಲ್ಲೇ ಮೂಡುವಂತೆ, ಎಫ್/8ರಲ್ಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಕಿಂಡಿ ಕಿರಿದು) ತೆಗೆದರೆ ಸ್ಪಷ್ಟವಾಗಿ ಸಿಗುವುದು ಸುಮಾರು 1 ಮಿಲಿಮೀಟರ್ ದಪ್ಪದ ಪದರ ಮಾತ್ರ. ಬಸವನ ಕೋಡಿನಂತೆ ಮೇಲೆದ್ದ ಎರಡು ಉದ್ದದ ಕೋಡುಗಳ ತುದಿಯಲ್ಲಿ ಕಣ್ಣಿದೆ. ಕೆಳಗಿನ ಗಿಡ್ಡ ಜೋಡಿ ವಾಸನೆ, ರುಚಿ ನೋಡಲು. ಎದುರಿನಿಂದ ತೆಗೆದರೆ ದೊಡ್ಡ ಹುಳುವಿನ ಕಣ್ಣಿಗೂ ಚಿಪ್ಪಿಗೂ ಮೂರು ಸೆಂಟಿಮೀಟರ್ ಅಂತರ ಇರಬಹುದು. ಆಟೊಫೋಕಸ್‌ಗೆ ಬೂದು ಕೋಡಿನ ಮೇಲಿನ ಕರಿಚುಕ್ಕೆಗಿಂತ ಚಿಪ್ಪಿನ ಕಂದು ಪಟ್ಟೆಯೇ ಇಷ್ಟ. ಅದನ್ನೇ ಹಿಡಿದುಕೊಳ್ಳುತ್ತೆ.

ಸ್ಪಷ್ಟ ಪದರ ದಪ್ಪವಾಗಲಿ ಅಂತ ಎಫ್/22ಕ್ಕೆ ಹೋಗಿಬಿಡೋಣ ಅನ್ನಿಸುತ್ತೆ ಅಲ್ವಾ? ಮ್ಯಾಕ್ರೊದಲ್ಲಿ ಅಷ್ಟು ಕಿರಿದು ಮಾಡಿದರೆ ಚಿತ್ರ ಪೂರ್ತಿ ಮೆತ್ತಗಾಗುತ್ತೆ. ನಾನು ಎಫ್/11 ದಾಟುವುದು ಕಡಿಮೆ.

ಬದಲಿಗೆ ಪಕ್ಕದಿಂದ ತೆಗೆಯಿರಿ. ಹುಳುವಿನ ಮೈ ಕ್ಯಾಮೆರಾಕ್ಕೆ ಅಡ್ಡಲಾಗಿದ್ದರೆ ಕಣ್ಣೂ ಚಿಪ್ಪಿನ ಅಂಚೂ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬರುತ್ತವೆ. ಎರಡೂ ಕಣ್ಣಿನ ಆಸೆ ಬಿಡಿ, ಒಂದೊಂದು ಒಂದೊಂದು ಕಡೆ ತಿರುಗುತ್ತಿರುತ್ತೆ. ಹತ್ತಿರದ್ದು ಸಿಕ್ಕರೆ ಸಾಕು. ಗೋಣಿಚೀಲ ಹಾಸಿ ಮೊಣಕೈ ನೆಲಕ್ಕೂರಿ.

ನನಗೆ ಹೆಚ್ಚು ಫಲ ಕೊಟ್ಟ ಉಪಾಯ ಬೇರೆ. ಹುಳು ಹೊರಟ ದಾರಿಯಲ್ಲಿ, ಕೆಸುವಿನ ಎಲೆಯ ಅಂಚಿಗೋ ಕುಂಡದ ಬಾಯಿಗೋ ಮ್ಯಾನುಯಲ್ ಫೋಕಸ್ ಮಾಡಿ ಸುಮ್ನೆ ಕಾಯುವುದು. ಕಣ್ಣು ಆ ಜಾಗಕ್ಕೆ ಬಂದಾಗ ಒಂದೇ ಸಮ ಹತ್ತು ಕ್ಲಿಕ್. ಒಂದಾದರೂ ನಿಲ್ಲುತ್ತೆ.

ಮೇಲಿನಿಂದ ಬಗ್ಗಬೇಡಿ. ನೆರಳು ಬಿದ್ದರೆ ಕಾಲುಚೀಲ ಒಳಮಗ್ಗುಲಾದಂತೆ ಕೋಡು ಒಳಸರಿದು ಕಣ್ಣೇ ಮಾಯ. ಮೊಬೈಲಿನವರಿಗೆ ಈ ತೊಂದರೆ ಜಾಸ್ತಿ, ಮ್ಯಾಕ್ರೊ ಮೋಡ್‌ನಲ್ಲಿ ತೀರಾ ಹತ್ತಿರ ಹೋಗಬೇಕಲ್ಲ. ಸ್ವಲ್ಪ ದೂರದಿಂದ 2ಎಕ್ಸ್‌ನಲ್ಲಿ ತೆಗೆದು ಆಮೇಲೆ ಕ್ರಾಪ್ ಮಾಡಿ. ಮೋಡದ ಬೆಳಕು ಸಾಕಾಗದೆ ಫ್ಲ್ಯಾಶ್ ಹಾಕಿದರೆ ಒದ್ದೆ ಲೋಳೆ ಬೆಳ್ಳಗೆ ಸುಟ್ಟಂತೆ ಕಾಣುತ್ತೆ. ಫ್ಲ್ಯಾಶಿನ ಮುಂದೆ ಟ್ರೇಸಿಂಗ್ ಪೇಪರ್ ಹಿಡಿಯಿರಿ.

ನಮ್ಮ ಹಿತ್ತಲುಗಳಲ್ಲಿ ಕಾಣುವ ದೊಡ್ಡ ಕಂದು ಪಟ್ಟೆಯವು ಹೆಚ್ಚಾಗಿ ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ತಂದದ್ದನ್ನು ಕಲ್ಕತ್ತಾದ ತೋಟವೊಂದರಲ್ಲಿ ಬಿಟ್ಟಿದ್ದರು. ಈಗ ಕೊಡಗಿನ ಕಾಫಿ ಬೆಳೆಗಾರರಿಗೂ ಅದು ತಲೆನೋವು. ಮಿದುಳಿಗೆ ತೊಂದರೆ ಕೊಡುವ ಇಲಿಯ ಪರಾವಲಂಬಿ ಹುಳ ಅದರ ಮೈಯಲ್ಲಿರಬಹುದು. ಫೋಟೊಗೆಂದು ಬರಿಗೈಯಲ್ಲಿ ಎತ್ತಿಡಬೇಡಿ. ಲೋಳೆ ಹರಿದ ನೆಲಕ್ಕೆ ಮೊಣಕೈ ಊರಿದ್ದೀರಿ, ಒಳಗೆ ಹೋಗಿ ಫೋಟೊ ನೋಡುವ ಮೊದಲು ಸೋಪು ಹಾಕಿ ತೊಳೆದುಕೊಳ್ಳಿ.