ಮೋಡೆಮ್ ಕಾರ್ಡ್ ಕೂತಿದೆ, ಆದ್ರೂ 'ಡಯಲ್ ಟೋನ್ ಇಲ್ಲ' ಅನ್ನುತ್ತೆ, ಯಾಕೆ?

ಪ್ರಶ್ನೆ: ಅಪ್ಪನ ಹಳೆಯ ಪೆಂಟಿಯಮ್ 4 ಕಂಪ್ಯೂಟರ್ ಅಟ್ಟದ ಮೇಲಿತ್ತು. ಇಳಿಸಿ ಆನ್ ಮಾಡಿದರೆ ವಿಂಡೋಸ್ ಎಕ್ಸ್‌ಪಿ ಸಲೀಸಾಗಿ ಬಂತು. ಎಸ್‌ಪಿ ರೋಡಿನಲ್ಲಿ ಹುಡುಕಾಡಿ ಒಂದು ಹಳೆಯ ಇಂಟರ್ನಲ್ ಮೋಡೆಮ್ ಕಾರ್ಡ್ (ಫೋನ್ ಲೈನಿನ ಮೂಲಕ ಇಂಟರ್ನೆಟ್ಟಿಗೆ ಸೇರಿಸುತ್ತಿದ್ದ ಕಾರ್ಡ್) ತಂದೆ. ಮಗಳಿಗೆ ಆ ಕಾಲದ 'ಕೀಂ... ಕರ್ರ್...' ಸದ್ದು ಒಮ್ಮೆ ಕೇಳಿಸಬೇಕು ಅಂತ ಆಸೆ. ಕಾರ್ಡ್ ಹಾಕಿದೆ, ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹಾಕಿದೆ. ಡಯಲ್ ಮಾಡಿದರೆ 'ಎರರ್ 680, ಡಯಲ್ ಟೋನ್ ಇಲ್ಲ' ಅನ್ನುತ್ತದೆ. ಅದೇ ವೈರನ್ನು ಫೋನಿಗೆ ಚುಚ್ಚಿದರೆ ಟೋನ್ ಚೆನ್ನಾಗಿ ಕೇಳುತ್ತದೆ. ಕಾರ್ಡ್ ಕೆಟ್ಟಿದೆಯಾ?
(ರಾಜಾಜಿನಗರದ ಓದುಗರೊಬ್ಬರು)

ಉತ್ತರ: ಕೆಟ್ಟಿರಲಿಕ್ಕಿಲ್ಲ. ನಿಜ ಹೇಳಬೇಕೆಂದರೆ, 680 ಬಂದಿದ್ದೇ ಒಳ್ಳೆಯ ಸುದ್ದಿ.

2000ದ ಸುಮಾರಿಗೆ ನಾನು ಜಯನಗರ, ಬನಶಂಕರಿ ಕಡೆ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಹತ್ತು ಜನ ಕರೆದರೆ ಅದರಲ್ಲಿ ನಾಲ್ಕೈದು ಮೋಡೆಮ್ ದೂರು. ಆಗ ಕಲಿತ ಪಾಠ ಒಂದೇ. ಮೋಡೆಮ್ ಎರಡು ಕಡೆ ಮಾತಾಡಬೇಕು. ಒಂದು ಕಂಪ್ಯೂಟರ್ ಜೊತೆ, ಇನ್ನೊಂದು ಫೋನ್ ಲೈನ್ ಜೊತೆ. ಯಾವ ಕಡೆ ಮಾತು ನಿಂತಿದೆ ಅಂತ ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಮುಟ್ಟಬಾರದು. 'ಡಯಲ್ ಟೋನ್ ಇಲ್ಲ' ಅಂತ ಹೇಳುತ್ತಿರುವುದು ಯಾರು? ಕಾರ್ಡೇ ಅಲ್ವಾ! ಅಂದರೆ ಕಂಪ್ಯೂಟರ್ ಕೇಳಿತು, ಕಾರ್ಡ್ ಉತ್ತರ ಕೊಟ್ಟಿತು. ಆ ಕಡೆ ಎಲ್ಲ ಸರಿ ಇದೆ. 633 ಅಥವಾ 692 ಬಂದಿದ್ದರೆ ಕಾರ್ಡು, ಡ್ರೈವರು, ಪೋರ್ಟು ಅಂತ ಒಳಗಡೆ ಹುಡುಕಬೇಕಿತ್ತು. ನಿಮ್ಮ ತೊಂದರೆ ಹೊರಗಡೆ, ಲೈನಿನ ಕಡೆ ಇದೆ.

ಆದರೂ ಇದೇ ಪ್ರಶ್ನೆ ಕೇಳುವ ಎಲ್ಲರ ಕಾರ್ಡೂ ಸರಿಯಾಗಿ ಕೂತಿರುವುದಿಲ್ಲ. ಹಾಗಾಗಿ ಕೂರಿಸುವುದರಿಂದಲೇ ಶುರು ಮಾಡುತ್ತೇನೆ.

ಸಿಪಿಯು ಬಿಚ್ಚುವ ಮೊದಲು (ನಮ್ಮಲ್ಲಿ ಇಡೀ ಡಬ್ಬಕ್ಕೆ ಸಿಪಿಯು ಅಂತಲೇ ಹೆಸರು, ಇರಲಿ) ಪವರ್ ವೈರ್ ಕಿತ್ತಿಡಿ. ಸುಮ್ನೆ ಶಟ್‌ಡೌನ್ ಮಾಡಿದರೆ ಸಾಲದು. ಕಂಪ್ಯೂಟರ್ ಆಫ್ ಆಗಿದ್ದರೂ ಮದರ್‌ಬೋರ್ಡಿನಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯ, ಫೋನ್ ವೈರನ್ನೂ ಕಿತ್ತಿಡಿ. ಇದನ್ನು ನಾನು ಬೆರಳು ಸುಟ್ಟುಕೊಂಡು ಕಲಿತೆ. ಒಂದು ಮನೆಯಲ್ಲಿ ವೈರ್ ಚುಚ್ಚಿದ ಹಾಗೇ ಬಿಟ್ಟು ಕಾರ್ಡ್ ಎಳೆಯುತ್ತಿದ್ದೆ. ಹಿಂಬದಿಯ ಬೆಸುಗೆ ಬಿಂದುಗಳ ಮೇಲೆ ಎರಡು ಬೆರಳು. ಅದೇ ಹೊತ್ತಿಗೆ ಆ ಮನೆಯ ಯಜಮಾನರಿಗೆ ಯಾರೋ ಫೋನ್ ಮಾಡಿದರು. ಸುಮ್ಮನಿರುವ ಲೈನಿನಲ್ಲಿ ಇರುವುದು 48 ವೋಲ್ಟ್. ರಿಂಗ್ ಆಗುವಾಗ ಅದು ಸುಮಾರು 75 ವೋಲ್ಟಿನ ಎಸಿ. ಕಾರ್ಡ್ ನನ್ನ ಕೈಯಿಂದ ಹಾರಿ ಸೋಫಾ ಕೆಳಗೆ ಹೋಯಿತು. ಯಜಮಾನರು ಆರಾಮಾಗಿ ಫೋನ್ ಎತ್ತಿ ಐದು ನಿಮಿಷ ಮಾತಾಡಿದರು.

ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿನ ಸ್ಟ್ಯಾಟಿಕ್ ಇಳಿದುಹೋಗುತ್ತದೆ. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿಬಿಡಿ. ಅಂಗಡಿಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಾರ್ಡುಗಳಲ್ಲಿ ಅರ್ಧ ಇಷ್ಟಕ್ಕೇ ಎದ್ದು ಕೂರುತ್ತವೆ. ಪೆಂಟಿಯಮ್ 4 ಬೋರ್ಡಿನಲ್ಲಿ ಸಾಮಾನ್ಯವಾಗಿ ಬಿಳಿ ಬಣ್ಣದ್ದೇ ಪಿಸಿಐ ಸ್ಲಾಟ್, ಅಂದರೆ ಕಾರ್ಡ್ ಕೂರುವ ಸೀಳು. ಹಿಂದಿನ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ನೆಟ್ಟಗೆ ಇಟ್ಟು, ಎರಡೂ ತುದಿಗೆ ಸಮನಾಗಿ ಒತ್ತಿ. ಹಲ್ಲು ಪೂರ್ತಿ ಒಳಗೆ ಹೋಗಬೇಕು. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ. ಆ ಸ್ಕ್ರೂ ಬಿಗಿಯುವಾಗಲೇ ಕಾರ್ಡಿನ ಇನ್ನೊಂದು ತುದಿ ಮೇಲೆದ್ದುಬಿಡುವುದು ಜಾಸ್ತಿ.

ಪವರ್ ಕೊಟ್ಟು ಆನ್ ಮಾಡಿದರೆ ಎಕ್ಸ್‌ಪಿ ಹೊಸ ಹಾರ್ಡ್‌ವೇರ್ ಸಿಕ್ಕಿತು ಅನ್ನುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ (ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಕಿಟಕಿ) 'ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್' ಅಂತ ಹಳದಿ ಗುರುತಿನ ಜೊತೆ ಕೂತಿದ್ದರೆ ಅದೇ ನಿಮ್ಮ ಮೋಡೆಮ್, ಡ್ರೈವರ್ ಇಲ್ಲದೆ ಮೂಕವಾಗಿದೆ ಅಷ್ಟೆ. ಆ ಕಾಲದ ಕಡಿಮೆ ಬೆಲೆಯ ಪಿಸಿಐ ಮೋಡೆಮ್‌ಗಳೆಲ್ಲ ಬಹುಪಾಲು ಅರ್ಧ ಮೋಡೆಮ್‌ಗಳು. ಜನ ಅದಕ್ಕೆ ವಿನ್‌ಮೋಡೆಮ್ ಅನ್ನುತ್ತಿದ್ದರು. ಸದ್ದನ್ನು ಅಂಕಿಯಾಗಿ, ಅಂಕಿಯನ್ನು ಸದ್ದಾಗಿ ಬದಲಿಸುವ ಲೆಕ್ಕವನ್ನು ಕಂಪ್ಯೂಟರಿನ ಪ್ರೊಸೆಸರ್ ತಲೆಗೇ ಕಟ್ಟುತ್ತಿದ್ದವು. ಹಾಗಾಗಿ ಡ್ರೈವರ್ ಇಲ್ಲದಿದ್ದರೆ ಅದು ಬರೀ ತಗಡು.

ಯಾವ ಡ್ರೈವರ್ ಬೇಕು ಅಂತ ಡಬ್ಬಿಯ ಮೇಲಿನ ಹೆಸರು ನೋಡಬೇಡಿ, ಚಿಪ್ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಪ್ರಾಪರ್ಟೀಸ್ ತೆಗೆದು 'ಡೀಟೇಲ್ಸ್'ಗೆ ಹೋದರೆ ನಾಲ್ಕಕ್ಷರದ ಒಂದು ಕೋಡ್ ಇರುತ್ತದೆ. 14ಎಫ್1 ಅಂದರೆ ಕೊನೆಕ್ಸಾಂಟ್. 11ಸಿ1 ಅಂದರೆ ಲ್ಯೂಸೆಂಟ್, ಅದೇ ಮುಂದೆ ಅಗೆರೆ ಆಯಿತು. 134ಡಿ ಅಂದರೆ ಪಿಸಿಟೆಲ್. 8086 ಅಂತಿದ್ದರೆ ಇಂಟೆಲ್. ಡ್ರೈವರನ್ನು ಚಿಪ್ ಹೆಸರಿನಿಂದಲೇ ಹುಡುಕಿ.

ಈಗ ನಿಮ್ಮ 680ಕ್ಕೆ ಬರೋಣ.

ಮೊದಲು ಸಾಕೆಟ್. ಕಾರ್ಡಿನ ಹಿಂದೆ ಒಂದೇ ರೀತಿಯ ಎರಡು ತೂತು ಇರುತ್ತವೆ. ಒಂದು 'ಲೈನ್', ಇನ್ನೊಂದು 'ಫೋನ್'. ಗೋಡೆಯಿಂದ ಬರುವ ವೈರ್ 'ಲೈನ್'ಗೇ ಹೋಗಬೇಕು. ಆ ಇನ್ನೊಂದು, ಮನೆಯ ಫೋನನ್ನು ಕಾರ್ಡಿನ ಮೂಲಕ ಜೋಡಿಸುವುದಕ್ಕೆ. ಕಾಪರ್ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಕೂಡ ಇದ್ದು ಮಧ್ಯೆ ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಇದ್ದರೆ ಹೆಸರೇ ದಾರಿ ತಪ್ಪಿಸುತ್ತದೆ. ಸ್ಪ್ಲಿಟರ್ ಮೇಲೆ 'ಮೋಡೆಮ್' ಅಂತ ಬರೆದಿರುವುದು ಬ್ರಾಡ್‌ಬ್ಯಾಂಡ್ ಡಬ್ಬಿಗೆ. ನಿಮ್ಮ ಕಾರ್ಡ್ ಹೋಗಬೇಕಾದ್ದು 'ಫೋನ್' ಕಡೆಗೆ.

ನೀವು ಅದೇ ವೈರನ್ನು ಫೋನಿಗೆ ಹಾಕಿ ನೋಡಿದ್ದೀರಿ, ಹಾಗಾಗಿ ವೈರ್ ಮೇಲೆ ಅನುಮಾನವಿಲ್ಲ. ಬೇರೆಯವರಿಗೆ ಹೇಳುವುದಾದರೆ, ಲೈನ್‌ಮ್ಯಾನ್ ಗೋಡೆಗೆ ಹಾಕಿಕೊಟ್ಟ ರೋಸೆಟ್ ಬಾಕ್ಸ್ ತೆರೆದು ಸ್ಕ್ರೂ ಸಡಿಲವಾಗಿದೆಯಾ ನೋಡಿ. ಪಿನ್ನಿನಲ್ಲಿ ನಡುವಿನ ಎರಡು ಎಳೆಗಳಿಗೆ ಮಾತ್ರ ಕೆಲಸ.

ಅದೂ ಸರಿ ಇದ್ದರೆ ನಿಮ್ಮ ಉತ್ತರ ಇದು: ಟೋನ್ ಇದೆ, ಆದರೆ ಕಾರ್ಡಿಗೆ ಅದು ಟೋನ್ ಅನ್ನಿಸುತ್ತಿಲ್ಲ. ಪ್ರತಿ ದೇಶದ ಡಯಲ್ ಟೋನ್ ಬೇರೆ. ಅಮೆರಿಕದಲ್ಲಿ 350 ಮತ್ತು 440 ಹರ್ಟ್ಸ್ ಎರಡು ಸ್ವರ ಒಟ್ಟಿಗೆ ಕೇಳುತ್ತವೆ. ನಮ್ಮದು 400ರ ಆಸುಪಾಸಿನ, ಸ್ವಲ್ಪ ನಡುಗುವ ಸದ್ದು. ಅಮೆರಿಕಕ್ಕೆ ಸೆಟ್ ಆಗಿರುವ ಕಾರ್ಡ್ ನಮ್ಮ ಟೋನ್ ಕೇಳಿಯೂ ಕೇಳದ ಹಾಗೆ ಕೂರುತ್ತದೆ. ಜೊತೆಗೆ ಈಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಲ್ಯಾಂಡ್‌ಲೈನ್ ಬರುವುದು ಫೈಬರ್ ಡಬ್ಬಿಯಿಂದ. ಅಲ್ಲಿ ಟೋನ್ ಎಕ್ಸ್‌ಚೇಂಜಿನಿಂದ ಬರುವುದಿಲ್ಲ. ಆ ಡಬ್ಬಿಯೇ ಅದನ್ನು ತಯಾರಿಸಿ ಕೊಡುತ್ತದೆ.

ಇದಕ್ಕೆ ಮದ್ದು ಸುಲಭ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಫೋನ್ ಅಂಡ್ ಮೋಡೆಮ್ ಆಪ್ಷನ್ಸ್' ತೆಗೆಯಿರಿ. ಮೊದಲು 'ಡಯಲಿಂಗ್ ರೂಲ್ಸ್'ನಲ್ಲಿ ದೇಶ ಇಂಡಿಯಾ, ಏರಿಯಾ ಕೋಡ್ 80 ಮಾಡಿ. ಆಮೇಲೆ ಮೋಡೆಮ್‌ನ ಪ್ರಾಪರ್ಟೀಸಿಗೆ ಹೋದರೆ 'ವೇಟ್ ಫಾರ್ ಡಯಲ್ ಟೋನ್' ಅನ್ನುವ ಚೌಕ ಇರುತ್ತದೆ. ಅದರ ಟಿಕ್ ತೆಗೆಯಿರಿ. 'ಅಡ್ವಾನ್ಸ್ಡ್' ಹಾಳೆಯ ಖಾಲಿ ಜಾಗದಲ್ಲಿ ಇಂಗ್ಲಿಷಿನಲ್ಲಿ ಎಕ್ಸ್ ಅಕ್ಷರ, ಪಕ್ಕದಲ್ಲೇ 3 ಅಂತ ಬರೆದರೂ ಅದೇ ಕೆಲಸ. 'ಟೋನಿಗೆ ಕಾಯಬೇಡ, ನಂಬರ್ ಒತ್ತು, ಎಂಗೇಜ್ ಇದ್ದರೆ ಮಾತ್ರ ಹೇಳು' ಅಂತ ಅದರ ಅರ್ಥ. ಆ ಕಾಲದಲ್ಲಿ ಈ ಎರಡಕ್ಷರ ಗೊತ್ತಿದ್ದವನು ಏರಿಯಾದಲ್ಲಿ ದೊಡ್ಡ ಎಂಜಿನಿಯರು. ನಾನೂ ಒಂದಷ್ಟು ದಿನ ಹಾಗೇ ಮೆರೆದೆ.

ಈಗ ಪರೀಕ್ಷೆ. ಎಕ್ಸ್‌ಪಿಯಲ್ಲಿ ಹೈಪರ್‌ಟರ್ಮಿನಲ್ ಅಂತ ಮೋಡೆಮ್ ಜೊತೆ ನೇರವಾಗಿ ಮಾತಾಡುವ ಒಂದು ಪ್ರೋಗ್ರಾಂ ಇದೆ. ತೆರೆದು, ಮೋಡೆಮ್ ಇರುವ ಪೋರ್ಟ್ ಆರಿಸಿ, ಸಾಮಾನ್ಯವಾಗಿ ಕಾಮ್ 3. ಎ, ಟಿ ಎರಡೇ ಅಕ್ಷರ ಒತ್ತಿ ಎಂಟರ್ ಕೊಡಿ. 'ಓಕೆ' ಅಂತ ಬರಬೇಕು. ಈ ಎಟಿ ಭಾಷೆ 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದದ್ದು. ಆಮೇಲೆ ಹೆಚ್ಚುಕಡಿಮೆ ಎಲ್ಲ ಮೋಡೆಮ್‌ಗಳೂ ಅದನ್ನೇ ಕಲಿತವು. ಮುಂದೆ ಎಟಿಎಕ್ಸ್3ಡಿಟಿ ಅಂತ ಒತ್ತಿ, ಅದಕ್ಕೆ ಅಂಟಿಕೊಂಡು ನಿಮ್ಮದೇ ಮೊಬೈಲ್ ನಂಬರ್ ಹಾಕಿ. ನಂಬರಿನ ಶುರುವಿಗೆ ಸೊನ್ನೆ ಮರೆಯಬೇಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಸೊನ್ನೆ ಸೇರಿಸಿಯೇ ಡಯಲ್ ಮಾಡಬೇಕು. ಪಾಪ ಎಕ್ಸ್‌ಪಿಗೆ ಅದು ಗೊತ್ತಿಲ್ಲ. ಜೇಬಿನಲ್ಲಿ ಮೊಬೈಲ್ ರಿಂಗ್ ಆಯಿತಾ? ಹಾಗಾದರೆ ಎರಡೂ ಕಡೆ ಮಾತು ಶುರುವಾಯಿತು. ಕಾರ್ಡು, ಡ್ರೈವರು, ಲೈನು ಎಲ್ಲ ಸರಿ ಇದೆ.

ಇನ್ನು ಆ ಸದ್ದು. ಅದಕ್ಕೆ ಆಚೆ ಕಡೆ ಇನ್ನೊಂದು ಮೋಡೆಮ್ ಇರಲೇಬೇಕು. ಆಗೆಲ್ಲ ಇಂಟರ್ನೆಟ್ ಕಂಪನಿಯ, 172ರಿಂದ ಶುರುವಾಗುವ ನಂಬರ್ ತಿರುಗಿಸಿದರೆ ಸಾಕಿತ್ತು. ಈಗ ಡಯಲ್-ಅಪ್ ಕಾಲ ಮುಗಿದಿದೆ, ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ಅದನ್ನು ನಿಲ್ಲಿಸಿತು. ಹಾಗಾಗಿ ಎಸ್‌ಪಿ ರೋಡಿಗೆ ಇನ್ನೊಂದು ಸಲ ಹೋಗಿ ಎರಡನೇ ಕಾರ್ಡ್ ತನ್ನಿ. ಅದನ್ನು ಬೇರೊಂದು ಹಳೆಯ ಕಂಪ್ಯೂಟರಿಗೆ ಹಾಕಿ. ಗೋಡೆಯ ಲೈನ್ ಬಿಟ್ಟುಬಿಡಿ. ಒಂದು ಫೋನ್ ವೈರನ್ನು ನೇರವಾಗಿ ಎರಡೂ ಕಾರ್ಡುಗಳ 'ಲೈನ್' ತೂತಿಗೆ ಸಿಕ್ಕಿಸಿ. ಎರಡರಲ್ಲೂ ಹೈಪರ್‌ಟರ್ಮಿನಲ್ ತೆರೆದು, ಒಂದರಲ್ಲಿ ಎಟಿಎಕ್ಸ್1ಡಿ ಒತ್ತಿ, ನಂಬರ್ ಬೇಡ. ತಕ್ಷಣ ಇನ್ನೊಂದರಲ್ಲಿ ಎಟಿಎ, ಅಂದರೆ 'ಫೋನ್ ಎತ್ತು'. ಎಷ್ಟೋ ಕಾರ್ಡುಗಳು ಇಷ್ಟಕ್ಕೇ ಹಾಡಲು ಶುರು ಮಾಡುತ್ತವೆ. ಕೆಲವಕ್ಕೆ ವೈರಿನಲ್ಲಿ ಸ್ವಲ್ಪ ಕರೆಂಟ್ ಇಲ್ಲದಿದ್ದರೆ ಬಾಯಿ ಬರುವುದಿಲ್ಲ. ಆಗ ವೈರಿನ ಒಂದು ಎಳೆ ಕತ್ತರಿಸಿ, ಮಧ್ಯೆ 9 ವೋಲ್ಟಿನ ಬ್ಯಾಟರಿಯನ್ನೂ 390 ಓಮ್ ರೆಸಿಸ್ಟರನ್ನೂ ಸಾಲಾಗಿ ಸೇರಿಸಿ. ಈ ವೈರನ್ನು ಮಾತ್ರ ಅಪ್ಪಿತಪ್ಪಿಯೂ ಗೋಡೆಯ ಸಾಕೆಟ್ಟಿಗೆ ಹಾಕಬೇಡಿ.

ಸದ್ದು ಕೇಳದಿದ್ದರೆ ಮೋಡೆಮ್ ಪ್ರಾಪರ್ಟೀಸಿನಲ್ಲಿ ಸ್ಪೀಕರ್ ವಾಲ್ಯೂಮ್ ಜಾಸ್ತಿ ಮಾಡಿ. ಕೆಲವು ಕಾರ್ಡಿನ ಮೇಲೆ ಕಪ್ಪು ಗುಂಡಿಯಂಥ ಪುಟ್ಟ ಬಜರ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಕೊಳ್ಳುವಾಗಲೇ ಅದನ್ನು ನೋಡಿ ತನ್ನಿ.

ಪರದೆ ಮೇಲೆ 'ಕನೆಕ್ಟ್' ಅಂತ ಬಂದಾಗ ಪಕ್ಕದಲ್ಲಿ ಲೈನಿನ ವೇಗ ತೋರಿಸಿದರೆ ಅದು 33600 ದಾಟಿರುವುದಿಲ್ಲ. 56ಕೆ ಅಂತ ಡಬ್ಬಿ ಮೇಲೆ ಬರೆದು ಮೋಸ ಮಾಡಿದರು ಅಂತ ಬೈಯಬೇಡಿ. ಆ 56 ಬರಬೇಕಾದರೆ ಆಚೆ ಕಡೆಯ ಮೋಡೆಮ್ ಎಕ್ಸ್‌ಚೇಂಜಿಗೆ ಡಿಜಿಟಲ್ ಲೈನಿನಲ್ಲಿ ಸೇರಿರಬೇಕಿತ್ತು. ಅದೂ ಇಳಿಸುವ ದಿಕ್ಕಿಗೆ ಮಾತ್ರ. ಎರಡು ಮನೆ ಮೋಡೆಮ್‌ಗಳ ನಡುವೆ 33.6ರ ಮೇಲೆ ಹೋಗುವುದಿಲ್ಲ.

ಕನೆಕ್ಟ್ ಆದ ಮೇಲೆ ಮಗಳನ್ನು ಒಂದು ಕೀಬೋರ್ಡಿನ ಮುಂದೆ ಕೂರಿಸಿ, ನೀವು ಇನ್ನೊಂದರ ಮುಂದೆ ಕೂತುಕೊಳ್ಳಿ. ಅವಳು ಒತ್ತಿದ ಅಕ್ಷರ ನಿಮ್ಮ ಪರದೆಯಲ್ಲಿ ಬರುತ್ತದೆ. ಮಧ್ಯದಲ್ಲಿ ಒಂದು ಹಳೆಯ ಫೋನನ್ನು ಕಾರ್ಡಿನ 'ಫೋನ್' ತೂತಿಗೆ ಹಾಕಿ ರಿಸೀವರ್ ಎತ್ತಿದರೆ ಇನ್ನೂ ಮಜಾ. ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು ಸುರಿಯಬಹುದು, ಲೈನೂ ಕಡಿಯಬಹುದು. ನಮ್ಮ ಮನೆಯಲ್ಲಿ ಹಾಲ್‌ನಲ್ಲಿದ್ದ ಫೋನನ್ನು ಅಜ್ಜಿ ಎತ್ತಿದಾಗಲೆಲ್ಲ ಹೀಗೇ ಆಗುತ್ತಿತ್ತು. 'ಇದೇನೋ ಫೋನಲ್ಲಿ ಜೀರುಂಡೆ ಕೂಗ್ತಿದೆ' ಅಂತ ಅಲ್ಲಿಂದಲೇ ಕೇಳುತ್ತಿದ್ದರು. ಅಷ್ಟರಲ್ಲಿ ನನ್ನ ಡೌನ್‌ಲೋಡ್ ಮಣ್ಣುಪಾಲು. ಒಂದು ಎಂಬಿ ಇಳಿಸುವುದಕ್ಕೆ ಮೂರು ನಿಮಿಷ ಬೇಕಿದ್ದ ಕಾಲ ಅದು.

ಗೋಡೆಯ ಕಾಪರ್ ಲೈನಿಗೆ ಕಾರ್ಡ್ ಚುಚ್ಚಿಡುವವರಿಗೆ ಇನ್ನೊಂದು ಮಾತು. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗಿದ ಕೂಡಲೇ ವೈರ್ ಕಿತ್ತಿಡಿ. ಕಂಪ್ಯೂಟರ್ ಆಫ್ ಇದ್ದರೂ ಸಿಡಿಲು ಫೋನ್ ಲೈನಿನಲ್ಲಿ ಬರುತ್ತದೆ. ಮಳೆಗಾಲದ ಮುಂಚಿನ ಆ ಆರು ವಾರ ನನ್ನ ರಿಪೇರಿ ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು.

ಆಟ ಮುಗಿದ ಮೇಲೆ ಲೈನ್ ಬಿಡಿಸುವುದಕ್ಕೆ ಒಂದು ಸೆಕೆಂಡ್ ಕೈ ಎತ್ತಿಡಿ. ಆಮೇಲೆ ಮೂರು ಸಲ ಪ್ಲಸ್ ಒತ್ತಿ, ಎಂಟರ್ ಬೇಡ. ಇನ್ನೊಂದು ಸೆಕೆಂಡ್ ಕಾಯಿರಿ. 'ಓಕೆ' ಬಂದಾಗ ಎಟಿಎಚ್ ಒತ್ತಿ ಎಂಟರ್ ಕೊಡಿ.